ಬೋಸ್‌ಮನ್ ಕೋಟು, ನಮ್ಮ ಚಿಕ್ಕಪ್ಪನ ಟೇಪು

ಯಾರಾದ್ರೂ ಹೀರೋ ಹೋಗ್ಬಿಟ್ರು ಅಂತ ಸುದ್ದಿ ಬಂದ್ರೆ ನಾವು ಮೊದಲು ಮಾಡೋದು ಫೋನ್ ತೆಗೆದು ಹಳೇ ಫೋಟೋ ಜಾಲಾಡೋದು. ಇದ್ರಲ್ಲಿ ಮುಖ ಬಾಡಿದೆ ನೋಡು, ಇದ್ರಲ್ಲಿ ಕಣ್ಣು ಗುಳಿಬಿದ್ದಿದೆ ನೋಡು, ಆಗ್ಲೇ ಏನೋ ಇತ್ತು ಕಣೋ ಅಂತ ಎಲ್ರೂ ಡಾಕ್ಟ್ರಾಗ್ಬಿಡ್ತೀವಿ. 2020ರ ಆಗಸ್ಟ್ 28ಕ್ಕೆ ಹಾಲಿವುಡ್ ಹೀರೋ ಚಾಡ್ವಿಕ್ ಬೋಸ್‌ಮನ್ ತೀರ್ಕೊಂಡ್ರಲ್ಲ, 43 ವಯಸ್ಸು, ಆಗ ನಾನೂ ತುಮಕೂರಲ್ಲಿ ಕೂತ್ಕೊಂಡು ಇದೇ ಕೆಲಸ ಮಾಡ್ತಿದ್ದೆ. ಏನೂ ಸಿಗ್ಲಿಲ್ಲ. ಸಿಕ್ಕಿದ್ದೆಲ್ಲ ಒಂದಕ್ಕಿಂತ ಒಂದು ಚಂದದ ಬಟ್ಟೆ.

ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇದೆ ಅಂತ ಗೊತ್ತಾಗಿದ್ದು 2016ರಲ್ಲಿ, ಆಗ್ಲೇ ಮೂರನೇ ಸ್ಟೇಜು. ಆಮೇಲೆ ನಾಲ್ಕು ವರ್ಷ ಆಪರೇಷನ್ನು, ಕೀಮೋ, ಅದರ ನಡುನಡುವೆ ಶೂಟಿಂಗು. ಅವರೇ ಹೀರೋ ಆಗಿದ್ದ, ಇಡೀ ಪ್ರಪಂಚ ನೋಡಿದ ಬ್ಲ್ಯಾಕ್ ಪ್ಯಾಂಥರ್ ಸಿನಿಮಾ 2018ರಲ್ಲಿ ಬಂತು. ಅದನ್ನ ಡೈರೆಕ್ಟ್ ಮಾಡಿದ ರಯಾನ್ ಕೂಗ್ಲರ್‌ಗೇ ಕಾಯಿಲೆ ವಿಷಯ ಗೊತ್ತಿರ್ಲಿಲ್ವಂತೆ, ಹೋದ್ಮೇಲೆ ಅವರೇ ಬರ್ಕೊಂಡಿದ್ರು. ಜೊತೇಲಿ ಕೆಲಸ ಮಾಡಿದೋರಿಗೇ ಗೊತ್ತಿಲ್ಲ ಅಂದ್ರೆ ಫೋಟೋ ನೋಡೋ ನಮಗೇನ್ ಗೊತ್ತಾಗುತ್ತೆ.

ಈಗ ಬಟ್ಟೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನಗೆ ಆ ಮನುಷ್ಯ ಹಿಡಿಸಿದ್ದೇ ಅಲ್ಲಿಂದ. ರೆಡ್ ಕಾರ್ಪೆಟ್ಟಲ್ಲಿ ಹೆಂಗಸರಿಗೆ ನೂರೆಂಟು ಬಣ್ಣ, ಗಂಡಸರು ಮಾತ್ರ ವರ್ಷಾನುಗಟ್ಲೆ ಅದೇ ಕಪ್ಪು ಟಕ್ಸೀಡೊ ಅದೇ ಬೋ, ಎಲ್ಲರೂ ಸಾಲಾಗಿ ನಿಂತ್ರೆ ಮದುವೆ ಬ್ಯಾಂಡ್‌ಸೆಟ್ಟಿನೋರ ಯೂನಿಫಾರ್ಮ್ ಥರ ಇರ್ತಿತ್ತು. 2018ರಲ್ಲಿ ಈಯಪ್ಪ ಅದನ್ನೆಲ್ಲ ಕಿತ್ತಾಕ್ಬಿಟ್ರು. ಬ್ಲ್ಯಾಕ್ ಪ್ಯಾಂಥರ್ ಪ್ರೀಮಿಯರ್‌ಗೇ ರಾಜಮನೆತನದ ಉಡುಪಲ್ಲಿ ಬನ್ನಿ ಅಂತ ಡ್ರೆಸ್ ಕೋಡು. ಮಾರ್ಚಲ್ಲಿ ಆಸ್ಕರ್‌ಗೆ ಝಿವಾನ್ಶಿ ಅನ್ನೋ ಫ್ಯಾಷನ್ ಕಂಪನಿಯವರ ಉದ್ದನೇ ಕಪ್ಪು ಕೋಟು, ಅದರ ಮೇಲೆ ಬೆಳ್ಳಿ ಬಣ್ಣದ ಕುಸುರಿ. ಮೇ ತಿಂಗಳಲ್ಲಿ ನ್ಯೂಯಾರ್ಕಲ್ಲಿ ನಡೆಯೋ ಫ್ಯಾಷನ್ ಜಾತ್ರೆ ಮೆಟ್ ಗಾಲಾ ಆ ವರ್ಷ ಕ್ಯಾಥೊಲಿಕ್ ಧರ್ಮದ ಥೀಮ್ ಮೇಲಿತ್ತು, ಅಲ್ಲಿಗೆ ಇನ್ನೊಂದು ಫ್ಯಾಷನ್ ಕಂಪನಿ ವರ್ಸಾಚೆಯವರ ಬಿಳಿ ಸೂಟು, ಹೆಗಲ ಮೇಲಿಂದ ಇಳಿಬಿದ್ದ ಬಿಳಿ ಕೇಪು, ಮೈ ತುಂಬ ಚಿನ್ನದ ಬಣ್ಣದ ಶಿಲುಬೆ ಕಸೂತಿ. ಬೇರೆ ಯಾರೇ ಹಾಕಿದ್ರೂ ಫ್ಯಾನ್ಸಿ ಡ್ರೆಸ್ ಕಾಂಪಿಟೇಷನ್ ಅನ್ನಿಸ್ತಿತ್ತು, ಇವರು ನಿಂತ್ರೆ ಅದು ಅವರದ್ದೇ ದಿನದ ಬಟ್ಟೆ ಅನ್ನೋ ಹಂಗಿತ್ತು. ಆಶ್ಲಿ ವೆಸ್ಟನ್ ಅಂತ ಅವರ ಸ್ಟೈಲಿಸ್ಟು, ಅವರಿಗೂ ಒಂದು ಕೈ ಮುಗೀಬೇಕು.

ಕಾಯಿಲೆ ಮುಚ್ಚೋಕೇ ಇಷ್ಟೆಲ್ಲ ಹಾಕ್ಕೊಂಡ್ರು ಅಂತ ಹೋದ್ಮೇಲೆ ಸುಮಾರು ಜನ ಅಂದ್ರು, ನನಗದು ಒಪ್ಪಿಗೆ ಇಲ್ಲ. 2018ರಲ್ಲಿ ಮುಚ್ಚೋ ಅಷ್ಟೇನೂ ಅವರು ಸೊರಗಿರ್ಲಿಲ್ಲ. ಖುಷಿಗೆ ಹಾಕ್ಕೊಂಡಿದ್ರು ಅಂತ್ಲೇ ನನ್ನ ಲೆಕ್ಕ. ಕಾಯಿಲೆಯೋರು ಅಂದ್ಮಾತ್ರಕ್ಕೆ ಅವರು ಮಾಡೋದೆಲ್ಲ ಕಾಯಿಲೆಗೋಸ್ಕರಾನೇ ಅನ್ಕೊಳೋದು ನಮ್ಮ ತಲೆಹರಟೆ ಅಷ್ಟೇ.

ಇದನ್ನ ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ನಮ್ಮ ಚಿಕ್ಕಪ್ಪ. ತುಮಕೂರು ಚಿಕ್ಕಪೇಟೆಲಿ ಅವರದ್ದು ಸಣ್ಣ ಜೆಂಟ್ಸ್ ಟೈಲರ್ ಅಂಗಡಿ, ನಾನು ಸ್ಕೂಲಿಗೆ ಹೋಗೋವಾಗ ರಜಾದಲ್ಲಿ ಅಲ್ಲಿ ಕೂತು ಕಾಜಾ ಹೊಲೀತಿದ್ದೆ, ಗುಂಡಿ ಹಾಕ್ತಿದ್ದೆ. ಸಿದ್ಧಗಂಗೆ ಜಾತ್ರೆ ಮುಗಿದು ಮದುವೆ ಸೀಸನ್ ಶುರುವಾಯ್ತು ಅಂದ್ರೆ ರಿಸೆಪ್ಷನ್ ಕೋಟು ಹೊಲಿಸೋರು ಬರೋರು, ಈಗ ಎಲ್ಲ ರೆಡಿಮೇಡ್ ಬ್ಲೇಜರ್, ಇಲ್ಲಾಂದ್ರೆ ಬಾಡಿಗೆ ಶೆರ್ವಾನಿ, ಚಿಕ್ಕಪ್ಪನ ಹತ್ರ ಬರೋದು ಆಲ್ಟರೇಷನ್ ಜಾಸ್ತಿ. ಅವರ ಹತ್ರ ದಪ್ಪನೇ ಅಳತೆ ಪುಸ್ತಕ ಇದೆ, ಒಬ್ಬೊಬ್ಬ ಗಿರಾಕಿದೂ ವರ್ಷಾನುಗಟ್ಲೆ ಅಳತೆ ಅದ್ರಲ್ಲಿ. ಸೊಂಟ 36 ಇದ್ದೋರು 32ಕ್ಕೆ ಬಂದಿರ್ತಾರೆ, ಎದೆ ಸುತ್ತಳತೆ ಇಳಿದಿರುತ್ತೆ, ಮನೆಯೋರಿಗಿಂತ ಮೊದ್ಲು ಟೇಪಿಗೆ ಗೊತ್ತಾಗಿರುತ್ತೆ. ಚಿಕ್ಕಪ್ಪ ಒಂದು ಮಾತು ಕೇಳಲ್ಲ. ಬರ್ಕೊಂತಾರೆ, ಸೀಮೆಸುಣ್ಣದಲ್ಲಿ ಗೆರೆ ಎಳೀತಾರೆ, ‘ಒಳಗೆ ಬಟ್ಟೆ ಬಿಟ್ಟಿರ್ತೀನಿ ಸಾರ್, ಮುಂದಕ್ಕೆ ಬಿಚ್ಕೋಬೋದು’ ಅಂತಾರೆ ಅಷ್ಟೇ. ಮತ್ತೆ ದಪ್ಪ ಆಗ್ತೀರ ಬಿಡಿ ಅಂತ ಬಾಯಿಬಿಟ್ಟು ಹೇಳಲ್ಲ, ಹೊಲಿಗೇಲಿ ಹೇಳ್ತಾರೆ.

ಸೊರಗಿದ ಮೈಗೆ ಕೋಟು ಹೊಲಿಯೋದು ದೊಡ್ಡ ಕೆಲಸ ಅಂತೆ. ಹೆಗಲಿಗೆ ಪ್ಯಾಡು ಜಾಸ್ತಿ ಆದ್ರೆ ಹ್ಯಾಂಗರ್‌ಗೆ ನೇತಾಕ್ದಂಗೆ ಕಾಣುತ್ತೆ, ಕಮ್ಮಿ ಆದ್ರೆ ಹೆಗಲು ಜಾರುತ್ತೆ. ಕೋಟಿನ ಎದೆ ಒಳಗೆ ಕ್ಯಾನ್ವಾಸ್ ಅನ್ನೋ ಗಟ್ಟಿ ಬಟ್ಟೆ ಚೆನ್ನಾಗಿ ಕೂತ್ರೆ ಬಟ್ಟೆ ತಾನೇ ನಿಲ್ಲುತ್ತೆ, ಮೈ ಮೇಲೆ ಆಸರೆ ಬೇಕಿಲ್ಲ. ಸೊಂಟದ ಹತ್ರ ಪೂರ್ತಿ ಹಿಡೀಬಾರ್ದು, ಕಾಲರ್ ಮಾತ್ರ ಕತ್ತಿಗೆ ಅಂಟ್ಕೊಂಡಿರ್ಬೇಕು, ಯಾಕಂದ್ರೆ ಮನುಷ್ಯ ಇಳಿದಿದ್ದು ಕತ್ತಿನ ಹತ್ರ ಎದ್ದು ಕಾಣುತ್ತೆ ಅಂತಾರೆ ಚಿಕ್ಕಪ್ಪ.

ನಮ್ಮೂರ ಉಳಿದ ಜನ ಚಿಕ್ಕಪ್ಪನ ಥರ ಅಲ್ಲ. ಎರಡು ಕೆಜಿ ಇಳಿದು ಬಿ.ಎಚ್. ರೋಡಲ್ಲಿ ನಡ್ಕೊಂಡು ಹೋಗಿ ನೋಡಿ, ಏನ್ ಹಿಂಗ್ ಆಗ್ಬಿಟ್ಟಿದೀಯ, ಶುಗರ್ರಾ ಅಂತ ಟೀ ಅಂಗಡಿ ಹತ್ರ ಒಬ್ರು, ಬಸ್ ಸ್ಟ್ಯಾಂಡ್ ಹತ್ರ ಒಬ್ರು. ಅಕ್ಕರೆ ಇರುತ್ತೆ, ಇಲ್ಲ ಅನ್ನಲ್ಲ, ಆದ್ರೆ ಕಾಯಿಲೆ ಇರೋನಿಗೆ ಅದು ಆಚೆ ಬರೋಕೇ ಹೆದರಿಕೆ ಹುಟ್ಸುತ್ತೆ. 2020ರ ಏಪ್ರಿಲಲ್ಲಿ ಬೋಸ್‌ಮನ್ ಒಂದು ವಿಡಿಯೋ ಹಾಕಿದ್ರು, ಕೋವಿಡ್ ಟೈಮು, ಆಸ್ಪತ್ರೆಗಳಿಗೆ 42 ಲಕ್ಷ ಡಾಲರ್ ಬೆಲೆಯ ಪಿಪಿಇ ಕೊಡೋ ವಿಷಯ. 42 ಅನ್ನೋದು ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ ಜೆರ್ಸಿ ನಂಬರು, ಸಿನಿಮಾದಲ್ಲಿ ಆ ಪಾತ್ರ ಇವರೇ ಮಾಡಿದ್ರು. ಜನ ಪಿಪಿಇ ವಿಷಯ ಬಿಟ್ಟು ಕೆನ್ನೆ ನೋಡಿದ್ರು. ಇದೇನ್ ಹಿಂಗ್ ಒಣಗಿದಾನೆ ಅಂತ ಕಾಳಜಿ ಮಾಡಿದೋರೂ ಇದ್ರು, ಗೇಲಿ ಮಾಡಿದೋರೂ ಇದ್ರು. ಮುಚ್ಚೋದೇ ಉದ್ದೇಶ ಆಗಿದ್ರೆ ಆವತ್ತು ಹಾಕ್ಕೋಬೇಕಿತ್ತು, ಆ ವಿಡಿಯೋದಲ್ಲಿ ವರ್ಸಾಚೆ ಕೇಪ್ ಇರ್ಲಿಲ್ಲ ನೋಡಿ. ಆಗಸ್ಟಲ್ಲಿ ಸಾವಿನ ಸುದ್ದಿ ಹೇಳಿದ ಟ್ವೀಟು ಆವರೆಗಿನ ಎಲ್ಲಾ ಟ್ವೀಟ್‌ಗಿಂತ ಹೆಚ್ಚು ಲೈಕ್ ತಗೊಂತು. ಗೇಲಿ ಮಾಡಿದೋರಲ್ಲೂ ಕೆಲವರು ಒತ್ತಿರ್ತಾರೆ.

ನಮ್ಮಲ್ಲಿ ಅಪ್ಪು ಹೋಗಿದ್ದು ಬೇರೆ ಥರ. 2021ರ ಅಕ್ಟೋಬರ್ 29, ಬೆಳಗ್ಗೆ ಚೆನ್ನಾಗಿದ್ದೋರು ಮಧ್ಯಾಹ್ನ ಇಲ್ಲ, ವಯಸ್ಸು 46. ಹುಡುಕೋಕೆ ಹಳೇ ಫೋಟೋದಲ್ಲಿ ಏನೂ ಇಲ್ಲ, ಆ ಭಯಕ್ಕೇ ಹುಡುಗ್ರೆಲ್ಲ ಹಾರ್ಟ್ ಚೆಕಪ್‌ಗೆ ಕ್ಯೂ ನಿಂತ್ರು. ಅಪ್ಪು ದಾನ ಮಾಡಿದ ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು, ಕಣ್ಣು ಬರ್ಕೊಡೋರು ಜಾಸ್ತಿ ಆದ್ರು. ತುಮಕೂರಲ್ಲಿ ಇವತ್ತಿಗೂ ಆಟೋ ಹಿಂದೆ ಆ ನಗು ಇದೆ. ಶಿವಣ್ಣ ಮಾಡಿದ್ದು ಇನ್ನೊಂದು ಥರ, ಹುಷಾರಿಲ್ಲ ಅಂತ ತಾವೇ ಹೇಳಿದ್ರು, 2024ರ ಡಿಸೆಂಬರಲ್ಲಿ ಅಮೆರಿಕದ ಮಯಾಮಿಲಿ ಮೂತ್ರಕೋಶದ ಕ್ಯಾನ್ಸರ್ ಆಪರೇಷನ್ ಆಯ್ತು, 2025ರ ಜನವರಿ 1ಕ್ಕೆ ಗೀತಕ್ಕನ ಜೊತೆ ವಿಡಿಯೋದಲ್ಲಿ ಬಂದು ಕ್ಯಾನ್ಸರ್ ಹೋಯ್ತು ಅಂತ ಹೇಳಿದ್ರು. ಚಿಕ್ಕಪ್ಪನ ಅಂಗಡೀಲಿ ಆವತ್ತು ಹೊಲಿಗೆ ಮಿಷಿನ್ ನಿಲ್ಸಿ ಎಲ್ರೂ ನೋಡಿದ್ರು. ಶಿವಣ್ಣ ಹೇಳಿದ್ದು ಸರಿ, ಬೋಸ್‌ಮನ್ ಮುಚ್ಚಿಟ್ಟಿದ್ದು ತಪ್ಪು ಅಂತ ಒಬ್ರು ಶುರು ಮಾಡಿದ್ರು, ನಾನು ಜಗಳಕ್ಕೇ ನಿಂತೆ. ಮೈ ಅವರದ್ದು ಕಣ್ರೀ.

ಬೋಸ್‌ಮನ್ ಕೊನೇ ಸಿನಿಮಾ ಮಾ ರೇನೀಸ್ ಬ್ಲ್ಯಾಕ್ ಬಾಟಮ್ ಅವರು ಹೋದ್ಮೇಲೆ ಬಂತು. ಅದ್ರಲ್ಲಿ ಅವರು ಟ್ರಂಪೆಟ್ ಊದೋ ಲೆವೀ, ಹೊಸಾ ಹಳದಿ ಶೂ ತಗೊಂಡಿರ್ತಾನೆ, ಆ ಶೂ ಮೇಲೇ ಪ್ರಾಣ. ನನಗೆ ಅವರ ಎಲ್ಲಾ ರೆಡ್ ಕಾರ್ಪೆಟ್ ಬಟ್ಟೆಗಿಂತ ಆ ಶೂನೇ ಹೆಚ್ಚು. ಆ ಸಿನಿಮಾದ ಬಟ್ಟೆ ಕೆಲಸಕ್ಕೆ ಆನ್ ರಾತ್ ಅನ್ನೋ ಅಜ್ಜಿಗೆ 89ನೇ ವಯಸ್ಸಲ್ಲಿ ಆಸ್ಕರ್ ಬಂತು, ಬೆಸ್ಟ್ ಆ್ಯಕ್ಟರ್ ಆಸ್ಕರ್ ಮಾತ್ರ ಬೋಸ್‌ಮನ್‌ಗೆ ಬರ್ಲಿಲ್ಲ, ನಟ ಆ್ಯಂಥನಿ ಹಾಪ್ಕಿನ್ಸ್‌ಗೆ ಹೋಯ್ತು.

ಅದೇ ಸಿನಿಮಾದಲ್ಲಿ ಬ್ಯಾಂಡಿನ ಇನ್ನೊಬ್ಬ ಆಗಿದ್ದ ಕೋಲ್ಮನ್ ಡೊಮಿಂಗೊ 2025ರ ಮೆಟ್ ಗಾಲಾ ಮುಂದಾಳುಗಳಲ್ಲಿ ಒಬ್ರು (ಕೋ-ಚೇರ್) ಆಗಿದ್ರು. ಆ ಸಲದ ಥೀಮ್ ಕಪ್ಪು ಜನರ ಟೈಲರಿಂಗು, ನಮ್ಮ ಶಾರುಖ್ ಡಿಸೈನರ್ ಸಬ್ಯಸಾಚಿ ಮಾಡಿದ ಬಟ್ಟೆ ಹಾಕ್ಕೊಂಡು ಹೋಗಿದ್ದೂ ಅದಕ್ಕೇ. ಡೊಮಿಂಗೊ ನೀಲಿ ಕೇಪು ಹೊದ್ದು ಬಂದಿದ್ದ ಫೋಟೋನ ಚಿಕ್ಕಪ್ಪಂಗೆ ತೋರಿಸ್ದೆ, ಬೋಸ್‌ಮನ್ ಇದ್ದಿದ್ರೆ ಇಲ್ಲಿಗೆ ಏನ್ ಹಾಕ್ಕೊಂಡ್ ಬರೋರೋ ಅಂದೆ. ಕನ್ನಡಕ ಏರಿಸಿ ಝೂಮ್ ಮಾಡಿ ಹೆಗಲು ನೋಡಿದ್ರು. ‘ಕೈಕೆಲ್ಸ ಐತೆ ಕಣೋ ಇದು’ ಅಂದು ಫೋನ್ ವಾಪಸ್ ಕೊಟ್ರು. ಹೊರಗೆ ಯಾರೋ ಪ್ಯಾಂಟ್ ಸೊಂಟ ಒಂದಿಂಚು ಹಿಡೀಬೇಕು ಅಂತ ನಿಂತಿದ್ರು.