ಹಿಪ್ಪಲಿಯ ಹೆಸರು ಹೊತ್ತ ಕಾಳುಮೆಣಸು

16 ಫೆಬ್ರವರಿ 2025, ಭಾನುವಾರ
ಶಿರಸಿ

ಬೆಳಿಗ್ಗೆಯಿಂದ ಅಂಗಳದಲ್ಲಿ ಕಾಳುಮೆಣಸು ಒಣಗಿಸುವ ಕೆಲಸ. ಮೊನ್ನೆ ಹಸಿರಾಗಿದ್ದ ಕಾಳು ಎರಡೇ ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟಿದೆ. ಇನ್ನೂ ಎರಡು ಬಿಸಿಲು ಬೇಕು.

ಅಣ್ಣನ ಮಗಳು ಪಕ್ಕದಲ್ಲೇ ಕೂತು ಇಂಗ್ಲಿಷ್ ಸ್ಪೆಲ್ಲಿಂಗ್ ಬಾಯಿಪಾಠ ಮಾಡುತ್ತಿದ್ದಳು. ‘ಪೆಪ್ಪರ್’ ಬಂದಾಗ ನಿಲ್ಲಿಸಿ, "ಅತ್ತೆ, ಮೆಣಸಿಗೆ ಈ ಹೆಸರು ಎಲ್ಲಿಂದ ಬಂತು?" ಅಂದಳು. ಒಳಗೆ ಹೋಗಿ ಆಯಿಯ ಔಷಧಿ ಡಬ್ಬಿಯಿಂದ ಒಂದು ಹಿಪ್ಪಲಿ ತಂದು ಅವಳ ಕೈಗಿಟ್ಟೆ. ಅರ್ಧ ಕಿರುಬೆರಳಿನಷ್ಟು ಉದ್ದ, ಬೂದುಗಪ್ಪು ಬಣ್ಣ, ಮೈತುಂಬ ಸಾಸಿವೆಗಿಂತ ಸಣ್ಣ ಗಂಟುಗಳು.

"ಇದರದ್ದೇ ಹೆಸರು ಅದು" ಅಂದೆ.

ಸಂಸ್ಕೃತದ ಪಿಪ್ಪಲಿ ಸರಕಿನ ಜೊತೆ ಪಶ್ಚಿಮಕ್ಕೆ ಹೋಯಿತು. ದಾರಿಯಲ್ಲಿ ‘ಲ’ ಹೋಗಿ ‘ರ’ ಬಂತು. ಗ್ರೀಕರಿಗೆ ಪೆಪೆರಿ, ರೋಮಿನವರಿಗೆ ಪಿಪೆರ್, ಹಳೆಯ ಇಂಗ್ಲಿಷಿನಲ್ಲಿ ಪಿಪೊರ್, ಈಗ ಪೆಪ್ಪರ್. ಇತ್ತ ಕನ್ನಡದಲ್ಲಿ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪಿಪ್ಪಲಿ ಹಿಪ್ಪಲಿಯಾಯಿತು. ಅಲ್ಲಿ ಒಂದು ಅಕ್ಷರ ಬದಲಾಯಿತು, ಇಲ್ಲಿ ಇನ್ನೊಂದು. ಎರಡೂ ಒಂದೇ ಮನೆಯ ಮಾತು. ಇದು ನನಗೆ ಮೊದಲ ಸಲ ಗೊತ್ತಾದ ದಿನ ರಾತ್ರಿ ನಿದ್ದೆಯೇ ಬಂದಿರಲಿಲ್ಲ!

ಆದರೆ ಮೆಣಸಿಗೆ ಯಾಕೆ ಹಿಪ್ಪಲಿಯ ಹೆಸರು? ಎರಡೂ ಒಂದೇ ಜಾತಿಯ ಬಳ್ಳಿಗಳು, ಎರಡೂ ಖಾರ. ರೋಮಿನಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಿದ್ದರು. ಆಗ ಬೆಲೆ ಇದ್ದದ್ದು ಹಿಪ್ಪಲಿಗೇ. 1ನೇ ಶತಮಾನದ ರೋಮನ್ ಬರಹಗಾರ ಪ್ಲಿನಿ ಬರೆದಿಟ್ಟ ಲೆಕ್ಕದಲ್ಲಿ ಒಂದು ಪೌಂಡ್ ಹಿಪ್ಪಲಿಗೆ 15 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಕಾಳುಮೆಣಸಿಗೆ ಬರೀ 4. ಬರುಬರುತ್ತಾ ಯುರೋಪಿನವರು ಹಿಪ್ಪಲಿಯನ್ನು ಮರೆತರು. ಹೆಸರು ಮಾತ್ರ ಕಾಳುಮೆಣಸಿಗೆ ಉಳಿಯಿತು.

ನಮ್ಮಲ್ಲೂ ಹೀಗೇ ಆಗಿದೆ ಅಲ್ವಾ? ಮೊದಲು ಮೆಣಸು ಅಂದರೆ ಈ ಕಪ್ಪು ಕಾಳೇ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕದ ಕಡೆಯಿಂದ ಇನ್ನೊಂದು ಖಾರ ಬಂತು. ಅದು ಮೆಣಸಿನಕಾಯಿ ಆಯಿತು. ಈಗ ಅಂಗಡಿಯಲ್ಲಿ ಸುಮ್ನೆ ಮೆಣಸು ಅಂದರೆ ಕೆಂಪು ಮೆಣಸೇ ಕೊಡುವುದು ಜಾಸ್ತಿ. ಹಳೆಯ ಮೆಣಸು ತನ್ನ ಹೆಸರಿಗೆ ‘ಕಾಳು’ ಸೇರಿಸಿಕೊಳ್ಳಬೇಕಾಯಿತು. ಇಂಗ್ಲಿಷಿನವರೂ ಹೊಸ ಖಾರವನ್ನು ಪೆಪ್ಪರ್ ಅಂತಲೇ ಕರೆದರು. ಡೊಣ್ಣೆಮೆಣಸೂ ಅವರಿಗೆ ಪೆಪ್ಪರೇ.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದರು. ಅವರ ಮಾತಿನಲ್ಲಿ ಮೆಣಸು ‘ಪಿಮೆಂತಾ’. ಅದರ ಮೂಲ ಬೇರೆ, ಬಣ್ಣ ಎನ್ನುವ ಅರ್ಥದ ಲ್ಯಾಟಿನ್ ಪದ. ಮೆಣಸು ಬಳ್ಳಿಗೆ ಆಸರೆ ಕೊಡುವ ಅಡಿಕೆ ಮರದ ಹೆಸರೂ ಪೋರ್ಚುಗೀಸರ ಬಾಯಿಂದಲೇ ಇಂಗ್ಲಿಷಿಗೆ ಹೋಗಿ ‘ಅರೆಕಾ’ ಆಗಿದೆ. ಅದನ್ನು ನಾಳೆ ಹೇಳುತ್ತೇನೆ ಅಂದೆ.

ಸಂಜೆ ಆಯಿ ಕಷಾಯಕ್ಕೆ ಹಿಪ್ಪಲಿ ಕೇಳಿದಳು. ಬೆಳಿಗ್ಗೆಯದು ಹುಡುಗಿಯ ಕಂಪಾಸ್ ಬಾಕ್ಸ್ ಸೇರಿತ್ತು. ಡಬ್ಬಿಯಿಂದ ಬೇರೆಯದು ತೆಗೆದು ಜಜ್ಜಿ ಕೊಟ್ಟೆ.