ನಿಮ್ಮ ಕಮಿಟಿ ಅವರಿಗೆ ಕೊಟ್ಟಿತು, ನಮಗೆ ಯಾಕೆ ಕೊಡಲಿಲ್ಲ?

ಕೇರಳದ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಒಂದು ಸ್ಥಳೀಯ ಮಟ್ಟದ ಮೇಲ್ವಿಚಾರಣಾ ಸಮಿತಿ ಇರುತ್ತದೆ. ನಮ್ಮ ಪಂಚಾಯತಿನ ಸಮಿತಿಯಲ್ಲಿ ನಾನು ರೈತ ಪ್ರತಿನಿಧಿಯಾಗಿದ್ದೆ ಎಂಬ ಒಂದೇ ಕಾರಣಕ್ಕೆ, ಮಂಜೇಶ್ವರ ತಾಲೂಕಿನ ನಮ್ಮ ಸುತ್ತಿನಲ್ಲಿ ಮದುವೆಗೆ ಹೋಗಲಿ, ಗೃಹಪ್ರವೇಶಕ್ಕೆ ಹೋಗಲಿ, ಹಂತಿಯಲ್ಲಿ ಎಲೆ ಹಾಕುವ ಮೊದಲೇ ಯಾರಾದರೊಬ್ಬರು ಪಕ್ಕಕ್ಕೆ ಬಂದು ಕುಳಿತುಬಿಡುತ್ತಾರೆ. ಗದ್ದೆ ತುಂಬಿಸಲು, ಮನೆ ಕಟ್ಟಲು ಬೇಕಾದ ಅನುಮತಿಯ ಬಗ್ಗೆ ಅವರ ಪ್ರಶ್ನೆ ಮಾತ್ರ ಒಂದೇ: “ಭಾವಾ, ನಿಮ್ಮ ಕಮಿಟಿ ಆಚೆಮನೆಯವರಿಗೆ ಕೊಟ್ಟಿತಲ್ಲ, ನಮಗೆ ಯಾಕೆ ಕೊಡಲಿಲ್ಲ?” ಪಾಯಸ ಬರುವವರೆಗೆ ವಿವರಿಸಿದರೂ ಕೊನೆಗೆ “ಅದೆಲ್ಲ ಸರಿ, ಯಾರನ್ನು ಕಂಡರೆ ಆಗುತ್ತದೆ ಹೇಳಿ” ಎಂದೇ ಮಾತು ಮುಗಿಯುವುದರಿಂದ, ಇನ್ನು ಬಾಯಿಯಲ್ಲಿ ಹೇಳುವುದಿಲ್ಲವೆಂದು ನಿಶ್ಚಯಿಸಿ ಇದನ್ನು ಬರೆಯುತ್ತಿದ್ದೇನೆ. ಕೇಳಿದವರಿಗೆ ಫೋನಿನಲ್ಲಿ ಕಳುಹಿಸಿ ನಾನು ನೆಮ್ಮದಿಯಿಂದ ಊಟ ಮಾಡಬಹುದು.

ಮೊದಲನೆಯದಾಗಿ, ಸಮಿತಿ ಯಾರಿಗೂ ಏನನ್ನೂ ಕೊಟ್ಟಿಲ್ಲ, ಕೊಡುವ ಅಧಿಕಾರವೂ ಅದಕ್ಕಿಲ್ಲ. ಪಂಚಾಯತು ಅಧ್ಯಕ್ಷರು ಅದರ ಅಧ್ಯಕ್ಷರು, ಕೃಷಿಭವನದ ಅಧಿಕಾರಿ ಸಂಚಾಲಕರು, ವಿಲ್ಲೇಜ್ ಆಫೀಸರ್ ಸದಸ್ಯರು, ಜೊತೆಗೆ ಭತ್ತ ಬೆಳೆಯುವ ಮೂವರು ರೈತರು. ಆ ಮೂವರಲ್ಲಿ ಒಬ್ಬನಾಗಿದ್ದ ನನ್ನ ಹತ್ತಿರ ಮೊಹರಾಗಲಿ, ಲೆಟರ್‌ಹೆಡ್ಡಾಗಲಿ ಇರಲಿಲ್ಲ. ಸ್ಥಳ ಪರಿಶೀಲನೆಗೆ ಹೋಗುವಾಗ ಅಧಿಕಾರಿಗಳ ಜೀಪಿನ ಹಿಂದಿನ ಸೀಟಿನಲ್ಲಿ ಸ್ವಲ್ಪ ಜಾಗ ಸಿಗುತ್ತಿತ್ತು, ಅಷ್ಟೇ. ಸಮಿತಿಯ ಕೆಲಸವೆಂದರೆ ಪಂಚಾಯತಿನೊಳಗೆ ಯಾವುದು ಗದ್ದೆ, ಯಾವುದು ಜೌಗುಭೂಮಿ ಎಂಬುದನ್ನು ಸರ್ವೆ ನಂಬರ್ ಸಮೇತ ಡಾಟಾ ಬ್ಯಾಂಕ್ ಎಂಬ ಪಟ್ಟಿಗೆ ಸೇರಿಸುವುದು, ಗದ್ದೆಯಲ್ಲಿ ಮನೆ ಕಟ್ಟಲು ಅರ್ಜಿ ಬಂದರೆ ಮೇಲಿನವರಿಗೆ ಶಿಫಾರಸು ಮಾಡುವುದು ಅಥವಾ ಮಾಡದಿರುವುದು. ನಿರ್ಣಯಿಸುವವರು ಬೇರೆ. ಇದನ್ನು ಹೇಳಿದರೆ “ಹಾಗೆ ಹೇಳಿ ಜಾರಿಕೊಳ್ಳುವುದು ಬೇಡ ಭಾವ” ಎನ್ನುತ್ತಾರೆ. ಜಾರಿಕೊಳ್ಳುವಷ್ಟು ಎತ್ತರದಲ್ಲಿ ನಾನು ಯಾವಾಗ ಕುಳಿತಿದ್ದೆನೋ ನನಗೆ ಗೊತ್ತಿಲ್ಲ.

ಎರಡನೆಯದಾಗಿ, ಆಚೆಮನೆಯವರು ಹಾಕಿದ ಅರ್ಜಿ ಮತ್ತು ನೀವು ಹಾಕಿದ ಅರ್ಜಿ ಒಂದೇ ಅಲ್ಲದಿರಬಹುದು. ಸರಕಾರಿ ಅರ್ಜಿಗಳನ್ನು ಹಾಕುವ ಅಕ್ಷಯ ಕೇಂದ್ರದಲ್ಲಿ ಕುಳಿತು ತುಂಬುವಾಗ ಎಲ್ಲ ಫಾರಮುಗಳೂ ಒಂದೇ ರೀತಿ ಕಾಣುತ್ತವೆ, ಆದರೆ ಅವು ಕೇಳುವುದು ಬೇರೆ ಬೇರೆ ವಿಷಯಗಳನ್ನು. ನಿಮ್ಮ ಜಾಗ ಗದ್ದೆಯೇ ಹೌದು, ಆದರೂ ವಾಸಕ್ಕೆ ಒಂದು ಮನೆ ಬೇಕು ಎಂದಾದರೆ ಫಾರಂ 1. ಅದರಲ್ಲಿ ಪಂಚಾಯತು ಪ್ರದೇಶವಾದರೆ ಹೆಚ್ಚೆಂದರೆ 10 ಸೆಂಟ್ಸ್ (ಎಕರೆಯ ಹತ್ತನೇ ಒಂದು ಪಾಲು), ನಗರಸಭೆಯಾದರೆ 5 ಸೆಂಟ್ಸ್. ಅದಕ್ಕಿಂತ ಹೆಚ್ಚಿಗೆ ಶಿಫಾರಸು ಮಾಡಲು ಕಾನೂನು ಸಮಿತಿಯನ್ನು ಬಿಡುವುದಿಲ್ಲ. ಆ ಶಿಫಾರಸು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಮತ್ತು ಪ್ರಧಾನ ಕೃಷಿ ಅಧಿಕಾರಿಯಿರುವ ಜಿಲ್ಲಾ ಮಟ್ಟದ ಅಧಿಕೃತ ಸಮಿತಿಗೆ ಹೋಗುತ್ತದೆ. ಅರ್ಜಿದಾರನಿಗೋ ಅವನ ಕುಟುಂಬಕ್ಕೋ ಜಿಲ್ಲೆಯಲ್ಲಿ ಮನೆ ಕಟ್ಟಲು ತಕ್ಕ ಬೇರೆ ಜಾಗವಿದೆಯೇ, ಮನೆ ಅವನ ಸ್ವಂತ ವಾಸಕ್ಕೇ ಹೌದೇ, ಆ ತುಂಡಿನ ನಾಲ್ಕು ಸುತ್ತಲೂ ಗದ್ದೆಗಳೇ ಇವೆಯೇ, ತುಂಬಿಸಿದರೆ ಪಕ್ಕದ ಗದ್ದೆಯ ಕೃಷಿಗೆ ತೊಂದರೆಯಾಗುತ್ತದೆಯೇ ಎಂಬುದನ್ನೆಲ್ಲ ಅವರು ನೋಡುತ್ತಾರೆ. ಗುಡ್ಡೆಯ ಮೇಲೆ ಒಂದೂವರೆ ಎಕರೆ ಗೇರುತೋಟ ಇಟ್ಟುಕೊಂಡು, ಮಾರ್ಗಕ್ಕೆ ಹತ್ತಿರವೆಂಬ ಕಾರಣಕ್ಕೆ ಬೈಲಿನಲ್ಲೇ, ಅಂದರೆ ತಗ್ಗಿನ ಗದ್ದೆಯಲ್ಲೇ, ಮನೆಯಾಗಬೇಕೆನ್ನುವವರಿಗೆ ಇಲ್ಲಿ ದಾರಿಯಿಲ್ಲ.

ಜಾಗ ಗದ್ದೆಯೇ ಅಲ್ಲ, ತಪ್ಪಾಗಿ ಡಾಟಾ ಬ್ಯಾಂಕಿಗೆ ಸೇರಿಸಿದ್ದಾರೆ ಎಂದಾದರೆ ಫಾರಂ 5. ಇದು ನೇರವಾಗಿ ಆರ್‌ಡಿಒಗೆ ಅಥವಾ ಆ ಅಧಿಕಾರ ಪಡೆದ ಡೆಪ್ಯೂಟಿ ಕಲೆಕ್ಟರಿಗೆ ಹೋಗುತ್ತದೆ, ಅವರು ಕೃಷಿ ಅಧಿಕಾರಿಯ ವರದಿ ಕೇಳುತ್ತಾರೆ. ಇಲ್ಲಿ ನಿಮ್ಮ ಅಗತ್ಯಕ್ಕೆ ಕಾಸಿನ ಬೆಲೆಯಿಲ್ಲ. ಬೆಲೆಯಿರುವುದು 2008ರ ಆಗಸ್ಟ್ 12ಕ್ಕೆ, ಅಂದರೆ ಕಾಯ್ದೆ ಜಾರಿಗೆ ಬಂದ ದಿನ ಆ ಭೂಮಿ ಹೇಗಿತ್ತು ಎಂಬುದಕ್ಕೆ. ಅಂದು ಅಲ್ಲಿ ಭತ್ತ ಬೆಳೆಯುತ್ತಿದ್ದರೆ ಅಥವಾ ಬೆಳೆಯಲು ಯೋಗ್ಯವಾಗಿದ್ದೂ ಹಡಿಲು ಬಿದ್ದಿದ್ದರೆ ಅದು ಗದ್ದೆ. ಈ ಅರ್ಜಿಗೆ ನಮ್ಮವರು ಲಗತ್ತಿಸುವ ಕಾರಣಗಳನ್ನು ನೋಡಬೇಕು: ಮಗಳ ಮದುವೆ, ಬ್ಯಾಂಕಿನ ನೋಟಿಸು, ಭತ್ತ ಬೆಳೆದರೆ ಕೆಲಸದವರ ಸಂಬಳಕ್ಕೂ ಸಾಲದು ಎಂಬ ಲೆಕ್ಕ, ಹಂದಿ ನವಿಲುಗಳ ಕಾಟ. ಎಲ್ಲವೂ ನಿಜ, ಎಲ್ಲವೂ ನನ್ನ ಮನೆಯಲ್ಲೂ ಇರುವಂಥವು. ಆದರೆ ಆ ದಿನ ಆ ಜಾಗದಲ್ಲಿ ಏನಿತ್ತು ಎಂದು ಕೇಳಿದರೆ ಇವುಗಳಲ್ಲಿ ಒಂದೂ ಉತ್ತರವಲ್ಲ. ಇದರ ಬದಲು ಹಳೆಯ ಮನೆಯ ತೆರಿಗೆ ರಶೀದಿಯನ್ನೋ, 2008ಕ್ಕೆ ಮೊದಲಿನ ವಿದ್ಯುತ್ ಸಂಪರ್ಕದ ಕಾಗದವನ್ನೋ ಲಗತ್ತಿಸಿದ್ದರೆ ಅರ್ಧ ಕೆಲಸ ಆಗುತ್ತಿತ್ತು.

ನೀವೆಲ್ಲರೂ ಉದಾಹರಣೆ ಕೊಡುವ “ಅರ್ಧ ಜಾಗ ಕೊಟ್ಟ ಕೇಸ್” ಇಂಥದೇ ಒಂದು ಫಾರಂ 5. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಹಿರಿಯರೊಬ್ಬರ ಜಾಗ. ಮೇಲ್ಭಾಗ ಎತ್ತರದ ಮಜಲು, ಕೆಳಭಾಗ ತೋಡಿಗೆ (ಸಣ್ಣ ಹಳ್ಳಕ್ಕೆ) ತಾಗಿದ ಬೈಲು, ಎರಡರಲ್ಲೂ ಅಡಿಕೆ. ಇಡೀ ತೋಟ ತನ್ನ ತಂದೆಯವರ ಕಾಲದ್ದು, ಆದ್ದರಿಂದ ಇದು ಗದ್ದೆಯೇ ಅಲ್ಲ ಎಂಬುದು ಅವರ ವಾದ. ಕೃಷಿ ಅಧಿಕಾರಿ ಪರಿಶೀಲನೆಗೆ ಹೊರಟಾಗ ನಮ್ಮನ್ನೂ ಕರೆದರು. ಹಿರಿಯರು ಬೊಂಡ (ಎಳನೀರು) ಕೆತ್ತಿಸಿ ಕೊಟ್ಟು, ತಂದೆಯವರು ಸಸಿ ನೆಟ್ಟ ಕಥೆಯನ್ನು ಎಳೆ ಎಳೆಯಾಗಿ ಹೇಳುತ್ತಿದ್ದರೆ, ನನ್ನ ಜೊತೆಗಿದ್ದ ಇನ್ನೊಬ್ಬ ರೈತ ಸದಸ್ಯರು ಮಾತಿಲ್ಲದೆ ಕೆಳಗಿನ ತಟ್ಟಿಗೆ ಇಳಿದು ಒಂದು ಮರದ ಬುಡದಿಂದ ಮೇಲಕ್ಕೆ ಬೆರಳು ಎಳೆಯುತ್ತ ಉಂಗುರಗಳನ್ನು ಎಣಿಸತೊಡಗಿದರು. ಅಡಿಕೆ ಮರದಲ್ಲಿ ಒಂದೊಂದು ಹಾಳೆ ಬಿದ್ದಲ್ಲಿ ಒಂದೊಂದು ಉಂಗುರ ಉಳಿಯುತ್ತದೆ, ವರ್ಷಕ್ಕೆ ಬೀಳುವುದು ಆರೋ ಏಳೋ ಹಾಳೆ. ಕಾಂಡ ಏಳುವ ಮೊದಲಿನ ಮೂರ್ನಾಲ್ಕು ವರ್ಷವನ್ನು ಸೇರಿಸಿಕೊಂಡರೆ ಮರದ ಪ್ರಾಯ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಅವರು ಎಣಿಸಿ ಮುಗಿಸಿ, ಹೆಗಲ ಬೈರಾಸಿನಿಂದ ಕೈ ಒರೆಸಿಕೊಂಡು, “ಅಣ್ಣಾ, ನಿಮ್ಮ ತಂದೆಯವರು ತೀರಿಹೋದದ್ದು ಯಾವಾಗ?” ಎಂದು ಕೇಳಿದರು. ಕೆಳಗಿನ ತಟ್ಟಿನ ಮರಗಳಿಗೆ ಸುಮಾರು ಹತ್ತು ವರ್ಷ. ತಂದೆಯವರು ಹೋಗಿ ಇಪ್ಪತ್ತಾಗಿತ್ತು.

ಉಂಗುರ ಎಣಿಸಿದ್ದನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲವೆಂದು ಅಧಿಕಾರಿ ನಕ್ಕರು. ಅದಕ್ಕೆಂದೇ ತಿರುವನಂತಪುರದ ರಾಜ್ಯ ರಿಮೋಟ್ ಸೆನ್ಸಿಂಗ್ ಮತ್ತು ಪರಿಸರ ಕೇಂದ್ರವಿದೆ. ಶುಲ್ಕ ಕಟ್ಟಿದರೆ ಹಳೆಯ ಉಪಗ್ರಹ ಚಿತ್ರಗಳನ್ನು ನೋಡಿ ಯಾವ ಸರ್ವೆ ನಂಬರಿನಲ್ಲಿ ಯಾವ ವರ್ಷ ಏನಿತ್ತು ಎಂದು ಅದು ವರದಿ ಕೊಡುತ್ತದೆ. ಮಜಲಿನಲ್ಲಿ ಕಾಯ್ದೆಗೆ ಮೊದಲೇ ತೋಟವಿತ್ತು, ಬೈಲಿನಲ್ಲಿ ಇರಲಿಲ್ಲ ಎಂದು ವರದಿ ಬಂತು. ಆರ್‌ಡಿಒ ಮೇಲಿನ ಭಾಗವನ್ನು ಡಾಟಾ ಬ್ಯಾಂಕಿನಿಂದ ತೆಗೆದರು, ಕೆಳಗಿನದನ್ನು ಉಳಿಸಿದರು. ಹಿರಿಯರು ಊರೆಲ್ಲ “ಕಮಿಟಿಯವರು ಅರ್ಧ ಕೊಟ್ಟರು, ಅರ್ಧ ನುಂಗಿದರು” ಎಂದು ಹೇಳಿಕೊಂಡು ಬಂದರು. ನಾನು ಅಂದು ನುಂಗಿದ್ದು ಅವರದೇ ಬೊಂಡದ ನೀರು ಮಾತ್ರ.

ಮೇಲಿನ ಭಾಗ ಡಾಟಾ ಬ್ಯಾಂಕಿನಿಂದ ಹೊರಬಂದರೂ ಅಲ್ಲಿ ಮರುದಿನವೇ ಪಾಯ ತೋಡುವಂತಿರಲಿಲ್ಲ ಎಂಬುದು ಬೇರೆ ಕಥೆ. ವಿಲ್ಲೇಜ್ ಆಫೀಸಿನ ಮೂಲ ತೆರಿಗೆ ರಿಜಿಸ್ಟರಿನಲ್ಲಿ ಅದು ಇನ್ನೂ ‘ನಿಲಂ’ ಎಂದೇ, ಅಂದರೆ ಗದ್ದೆಯೆಂದೇ, ಇತ್ತು. ಅದನ್ನು ಬದಲಾಯಿಸಲು 2018ರ ತಿದ್ದುಪಡಿಯಲ್ಲಿ ಬಂದ 27ಎ ವಿಧಿಯಂತೆ ಮತ್ತೊಂದು ಅರ್ಜಿ ಹಾಕಬೇಕು: 50 ಸೆಂಟ್ಸಿನವರೆಗೆ ಫಾರಂ 6, ಅದಕ್ಕಿಂತ ಹೆಚ್ಚಾದರೆ ಫಾರಂ 7. ಜಾಗ 50 ಸೆಂಟ್ಸನ್ನು ಮೀರಿದರೆ ಅದರ ಹತ್ತನೇ ಒಂದು ಪಾಲನ್ನು ನೀರಿನ ಸಂರಕ್ಷಣೆಗೆಂದು ಬಿಡಬೇಕು. ಶುಲ್ಕ ಸರಕಾರ ಗೊತ್ತುಮಾಡಿದ ಜಾಗದ ನ್ಯಾಯಬೆಲೆಯ ಮೇಲೆ ನಿಂತಿದೆ. ಆದೇಶವಾದ ಬಳಿಕ ತಹಶೀಲ್ದಾರರು ದಾಖಲೆ ತಿದ್ದುತ್ತಾರೆ. ಗಡಿಯಾಚೆ ವಿಟ್ಲ, ಪುತ್ತೂರಿನ ನೆಂಟರು “ನಮ್ಮಲ್ಲಿ ಕನ್ವರ್ಷನ್ ಅಂತ ಒಂದೇ ಇರುವುದಪ್ಪ” ಎಂದು ನಮ್ಮವರ ಹೊಟ್ಟೆ ಉರಿಸುತ್ತಾರೆ. ಅವರದು ಕರ್ನಾಟಕದ ಭೂಕಂದಾಯ ಕಾಯ್ದೆ. 1956ರಲ್ಲಿ ನಾವು ಕೇರಳಕ್ಕೆ ಬಂದ ಮೇಲೆ ನಮ್ಮ ಬೈಲುಗಳಿಗೆ ಇಲ್ಲಿಯ ಕಾನೂನು. ಆ ವಾದವನ್ನು ನನ್ನ ಎಲೆಯ ಮುಂದೆ ತರಬೇಡಿ.

ನನ್ನ ಹತ್ತಿರ ಯಾರಾದರೂ ಕೇಳಬಾರದೇ ಎಂದು ನಾನು ಕಾದಿರುವ ಪ್ರಶ್ನೆಯೇ ಬೇರೆ: ಈ ತುಂಡು ಗದ್ದೆಗೆ ಮಣ್ಣು ತುಂಬಿಸಿದರೆ ಮಳೆಗಾಲದ ನೀರು ಎಲ್ಲಿಗೆ ಹೋಗುತ್ತದೆ? ಆ ಹಿರಿಯರ ಜಾಗದ ಕೆಳಗೆ ಈಗಲೂ ಏಣೆಲು (ಮಳೆಗಾಲದ ಭತ್ತ) ಬೆಳೆಯುವ ಒಬ್ಬ ಅಕ್ಕ ಇದ್ದಾರೆ. ನಾವು ಪರಿಶೀಲನೆಗೆ ಹೋದ ದಿನ ಅವರು ಗದ್ದೆಯ ಹುಣಿಯ (ಬದುವಿನ) ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಅಧಿಕಾರಿಗಳು ಅವರನ್ನು ಏನೂ ಕೇಳಲಿಲ್ಲ, ಏಕೆಂದರೆ ಫಾರಂ 5ರಲ್ಲಿ ಪಕ್ಕದವರ ಅಭಿಪ್ರಾಯಕ್ಕೆ ಎಡೆಯಿಲ್ಲ. ಹಿಂದಿರುಗುವಾಗ ನಾನೇ ಮಾತನಾಡಿಸಿದೆ. ಮೇಲಿನವರು ಅಡಿಕೆಗೆಂದು ಬೈಲಿನ ನಡುವೆ ಬಸಿಗಾಲುವೆ ತೋಡಿದ ಮೇಲೆ ಆಟಿ ತಿಂಗಳ ಮಳೆಯಲ್ಲಿ ನೀರೆಲ್ಲ ಒಮ್ಮೆಲೇ ತನ್ನ ಗದ್ದೆಗೆ ನುಗ್ಗಿ ನೆಟ್ಟ ನೇಜಿ ಕೊಚ್ಚಿಹೋಗುತ್ತದೆಂದೂ, ಎರಡನೇ ಬೆಳೆಯಾದ ಸುಗ್ಗಿಗೆ ಬೇಕಾದಾಗ ಒಂದು ಹನಿಯೂ ಇಳಿಯುವುದಿಲ್ಲವೆಂದೂ ಹೇಳಿದರು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲಿಗೆ ಬಾವಿಯ ತಳ ಕಾಣುವುದು ಏಕೆ ಎಂಬುದಕ್ಕೆ ಅವರ ಎರಡು ವಾಕ್ಯಗಳಲ್ಲಿ ಸಾಕಷ್ಟು ಉತ್ತರವಿತ್ತು. ನಮ್ಮ ಜಂಬಿಟ್ಟಿಗೆಯ ಗುಡ್ಡೆಗಳು ನೀರನ್ನು ಹೆಚ್ಚು ಕಾಲ ಹಿಡಿದಿಡುವುದಿಲ್ಲ. ಇಳಿದು ಬಂದ ನೀರು ಹುಣಿ ಕಟ್ಟಿದ ಗದ್ದೆಯಲ್ಲಿ ನಿಂತು ಇಂಗಿದರೆ ಮಾತ್ರ ಕೆಳಗಿನ ಬಾವಿಗೆ ಬಲ. ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟುವ ಊರವರು ಇದನ್ನು ಬಲ್ಲರು. ಕಾಯ್ದೆಯೂ ಹುಣಿ, ತೋಡು, ಕೆರೆಗಳನ್ನು ಗದ್ದೆಯ ಭಾಗವೆಂದೇ ಲೆಕ್ಕ ಹಾಕಿದೆ. ಆದರೂ ಫಾರಂ 5ರ ಅರ್ಜಿ ಬಂದಾಗ ವಿಚಾರಣೆಯೆಲ್ಲ ಆ ಜಾಗದ ಹಿಂದಿನ ಸ್ಥಿತಿಯ ಸುತ್ತಲೇ ತಿರುಗುತ್ತದೆ, ಕೆಳಗಿನ ಗದ್ದೆಯವರ ಮಳೆಗಾಲ ಅದರಲ್ಲಿ ಬರುವುದೇ ಇಲ್ಲ. ಕಾಯ್ದೆಯಲ್ಲಿ ನನಗೆ ಒಪ್ಪಿಗೆಯಾಗದ ಜಾಗ ಇದೊಂದು. ಇದನ್ನು ಸಮಿತಿಯಲ್ಲಿ ಹೇಳಿದಾಗ ಎಲ್ಲರೂ ತಲೆದೂಗಿದರು, ನಡಾವಳಿ ಪುಸ್ತಕಕ್ಕೆ ಮಾತ್ರ ಅದು ಹತ್ತಲಿಲ್ಲ.

ಇನ್ನು ಮೇಲ್ಮನವಿ. ಜಿಲ್ಲಾ ಮಟ್ಟದ ಸಮಿತಿ ನಿಮ್ಮ ಫಾರಂ 1ನ್ನು ತಿರಸ್ಕರಿಸಿದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. 27ಎ ವಿಧಿಯ ಆದೇಶದ ವಿರುದ್ಧವೂ ಹಾಗೆಯೇ. ಪಂಚಾಯತು ಕಟ್ಟಡದ ಪರವಾನಗಿ ನಿರಾಕರಿಸಿದರೆ ಸ್ಥಳೀಯಾಡಳಿತ ಸಂಸ್ಥೆಗಳಿಗೆಂದೇ ಇರುವ ಟ್ರಿಬ್ಯೂನಲ್ ಇದೆ, ಅದು ತಿರುವನಂತಪುರದಲ್ಲಿ. ಫಾರಂ 5 ಬಿದ್ದುಹೋದವರು ಸಾಮಾನ್ಯವಾಗಿ ಎರ್ನಾಕುಳದ ಹೈಕೋರ್ಟಿಗೆ ಹೋಗುತ್ತಾರೆ. ಅಲ್ಲಿ ಗೆದ್ದವರ ತೀರ್ಪುಗಳನ್ನು ಓದಿ ನೋಡಿ. “ನನ್ನ ಮೇಲೆ ಅಧ್ಯಕ್ಷರಿಗೆ ದ್ವೇಷ” ಎಂದು ಗೆದ್ದವರನ್ನು ನಾನಂತೂ ಕಂಡಿಲ್ಲ. ಆರ್‌ಡಿಒ ಜಾಗವನ್ನು ನೋಡಲಿಲ್ಲ, ಉಪಗ್ರಹ ಚಿತ್ರ ತರಿಸಲಿಲ್ಲ, 2008ರ ಸ್ಥಿತಿಯ ಬಗ್ಗೆ ತಾವೇ ಒಂದು ನಿರ್ಣಯಕ್ಕೆ ಬರದೆ ಕೃಷಿ ಅಧಿಕಾರಿಯ ವರದಿಯನ್ನೇ ನಕಲು ಮಾಡಿದರು ಎಂದು ತೋರಿಸಿದವರ ಅರ್ಜಿಯನ್ನು ನ್ಯಾಯಾಲಯ ಮತ್ತೆ ಮತ್ತೆ ಮರುಪರಿಶೀಲನೆಗೆ ಕಳುಹಿಸಿದೆ. ಮರುಪರಿಶೀಲನೆಯೆಂದರೆ ಅನುಮತಿಯಲ್ಲ, ಅದೇ ಮೇಜಿನ ಮುಂದೆ ಮತ್ತೊಮ್ಮೆ ಕುಳಿತುಕೊಳ್ಳುವುದು. ಇದರ ನಡುವೆ ರಾತ್ರಿ ಟಿಪ್ಪರಿನಲ್ಲಿ ಕೆಂಪು ಮಣ್ಣು ತಂದು ಸುರಿದರೆ ಕೇಸೇ ಬದಲಾಗುತ್ತದೆ. ತುಂಬಿಸಿದ ಮಣ್ಣನ್ನು ತೆಗೆಸಿ ಗದ್ದೆಯನ್ನು ಮೊದಲಿನಂತೆ ಮಾಡಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ, ಕಾಯ್ದೆಯಲ್ಲಿ ಜೈಲುಶಿಕ್ಷೆಯೂ ಇದೆ.

ಇಷ್ಟಾದರೂ ಸಂದೇಹ ಉಳಿದರೆ ಅರ್ಜಿಯನ್ನು ಕನ್ನಡದಲ್ಲೇ ಬರೆದು ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆ 1969ರ ಅಧಿಕೃತ ಭಾಷಾ ಕಾಯ್ದೆ ಆ ಹಕ್ಕನ್ನು ನಮಗೆ ಕೊಟ್ಟಿದೆ. ಸಮಿತಿಯಲ್ಲಿ ನನ್ನ ಅವಧಿ ಮುಗಿದು ಬಹಳ ಕಾಲವಾಯಿತು. ಈಗಿನ ಮೂವರು ರೈತ ಪ್ರತಿನಿಧಿಗಳು ಯಾರೆಂಬುದು ಕೃಷಿಭವನದಲ್ಲಿ ಕೇಳಿದರೆ ತಿಳಿಯುತ್ತದೆ. ಅವರಲ್ಲಿ ಒಬ್ಬರು ನನ್ನ ಸೋದರಳಿಯ ಎಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ. ಅಲ್ಲ.