ತೊಂಬತ್ತರ ನೋಟು

ಹೋದ ತಿಂಗಳು ನಮ್ಮ ಸಮಾಜದ ಮೇಷ್ಟ್ರು ತೀರ್ಕೊಂಡ್ರು ಅಂತ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂತು. ಸ್ಕೂಲ್ ಮ್ಯಾಗಜೀನಿಗೆ ಏನಾದ್ರೂ ಬರ್ಕೊಡಿ ಅಂದ್ರು. ಬರೆಯೋಕೆ ಕೂತ್ರೆ ಪಾಠದಲ್ಲಿ ಏನಿತ್ತೋ ಒಂದೂ ನೆನಪಿಗೆ ಬರ್ತಿಲ್ಲ, ಬರ್ತಿರೋದು ಪುಸ್ತಕದಲ್ಲಿ ಎಲ್ಲೂ ಇಲ್ದೇ ಇದ್ದ ಬರ್ಮಾನ (ಈಗಿನ ಮ್ಯಾನ್ಮಾರ್) ಆಳ್ತಿದ್ದ ಜನರಲ್ ನೆ ವಿನ್.

ಮೇಷ್ಟ್ರಿಗೆ ಬರ್ಮಾ ಅಂದ್ರೆ ಒಂಥರಾ ಹುಚ್ಚು. ಅವರ ದೊಡ್ಡಪ್ಪ ರಂಗೂನಲ್ಲಿ ಕೆಲಸಕ್ಕಿದ್ದೋರು, 1942ರಲ್ಲಿ ಜಪಾನಿನವರು ಬಂದಾಗ ಕಾಡು ಬೆಟ್ಟ ದಾಟ್ಕೊಂಡು ನಡ್ಕೊಂಡೇ ವಾಪಸ್ ಬಂದಿದ್ರಂತೆ. ಪೇಪರಲ್ಲಿ ಬರ್ಮಾ ಅಂತ ಎರಡು ಸಾಲು ಇದ್ರೂ ಸಾಕು, ಅವತ್ತು ಪಾಠ ಕ್ಯಾನ್ಸಲ್. ನಾವು ಒಂಬತ್ತನೇ ಕ್ಲಾಸಲ್ಲಿದ್ದಾಗ, 1987ರ ಸೆಪ್ಟೆಂಬರ್, ನೆ ವಿನ್ ಸರ್ಕಾರ 25, 35, 75 ಕ್ಯಾಟಿನ (ಅಲ್ಲಿನ ದುಡ್ಡು) ನೋಟು ನಡೆಯಲ್ಲ ಅಂತ ದಿಢೀರನೆ ಹೇಳಿಬಿಡ್ತು, ಬದಲಾಯಿಸ್ಕೊಳ್ಳೋಕೂ ಬಿಡ್ಲಿಲ್ಲ, ಆಮೇಲೆ 45 ಮತ್ತು 90ರ ಹೊಸ ನೋಟು ತಂತು. ಆತನಿಗೆ ಒಂಬತ್ತು ಲಕ್ಕಿ ನಂಬರ್ ಅಂತ ಜನ ಆಡ್ಕೋತಿದ್ರಂತೆ. ಕೂಡಿ ನೋಡ್ರೋ, ಎರಡೂ ಒಂಬತ್ತೇ ಅಂತ ಮೇಷ್ಟ್ರು ಬೋರ್ಡ್ ಮೇಲೆ ಬರೆದ್ರು.

ಅದರ ಪಕ್ಕದಲ್ಲೇ ಆತನ ಜಾತಕವನ್ನೂ ಬರೆದ್ರು. ರಂಗೂನಲ್ಲಿ ಕಾಲೇಜು ಅರ್ಧಕ್ಕೆ ಬಿಟ್ಟು ಪೋಸ್ಟಾಫೀಸಲ್ಲಿ ಕ್ಲರ್ಕ್. ಆಮೇಲೆ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಜೊತೆ ಜಪಾನಿನವರ ಹತ್ರ ಟ್ರೈನಿಂಗ್ ತಗೊಂಡ ಮೂವತ್ತು ಜನರಲ್ಲಿ ಒಬ್ಬ. 1949ರಲ್ಲಿ ಸೇನಾ ಮುಖ್ಯಸ್ಥ, ಅದೇ ವರ್ಷ ಪ್ರಧಾನಿ ಊ ನು ಸಂಪುಟದಲ್ಲಿ ಉಪಪ್ರಧಾನಿ, ಗೃಹ ಮತ್ತು ರಕ್ಷಣೆ ಎರಡೂ ಇವನ ಕೈಗೇ. 1958ರಲ್ಲಿ ಉಸ್ತುವಾರಿ ಪ್ರಧಾನಿ, 1960ರಲ್ಲಿ ಎಲೆಕ್ಷನ್ ಮಾಡಿಸಿ ಮರ್ಯಾದೆಯಾಗಿ ಕುರ್ಚಿ ವಾಪಸ್ ಕೊಟ್ಟ. 1962ರ ಮಾರ್ಚ್ 2ಕ್ಕೆ ಟ್ಯಾಂಕ್ ತಂದು ಕಿತ್ಕೊಂಡ. "ಕೊಟ್ಟಾಗ ಎಲ್ರೂ ಹೊಗಳಿದ್ರು ಕಣ್ರೋ, ಅದೇ ಎಡವಟ್ಟಾಗಿದ್ದು" ಅಂದಿದ್ರು ಮೇಷ್ಟ್ರು.

ನಾವು ಸುಮ್ನಿರ್ತೀವಾ? ಮಾರನೇ ದಿನವೇ ಡ್ರಾಯಿಂಗ್ ಶೀಟ್ ಕತ್ತರಿಸಿ 45, 90ರ ನೋಟು ಮಾಡಿದ್ವಿ, ಅಶೋಕ ಸ್ತಂಭದ ಸಿಂಹದ ಜಾಗದಲ್ಲಿ ಹೆಡ್ ಮಾಸ್ಟರ ಕನ್ನಡಕ ಮೀಸೆ. ಡಿಸೈನ್ ನಂದೇ, ಹೇಳ್ಕೋಬಾರ್ದು, ಚೆನ್ನಾಗೇ ಬಂದಿತ್ತು. ಒಂದು ನೋಟು ಹೋಂವರ್ಕ್ ಪುಸ್ತಕದಲ್ಲಿ ಸಿಕ್ಕಾಕೊಳ್ತು. ಏಟು ಬೀಳತ್ತೆ ಅಂತ ಕೈ ಚಾಚಿದ್ರೆ ಮೇಷ್ಟ್ರು ಎಲ್ಲಾ ನೋಟು ತರಿಸಿ ಕೆಂಪು ಇಂಕಲ್ಲಿ ಸೈನ್ ಹಾಕಿ, ಇನ್ಮೇಲೆ ಇದು ಚಾಲ್ತಿ, ವ್ಯಾಪಾರ ಮಾಡ್ಕೊಳ್ಳಿ ಅಂದ್ರು! ಒಂದು ವಾರ ಕ್ಲಾಸಲ್ಲಿ ಗೋಲಿ, ಪೆನ್ಸಿಲ್, ಸೀಬೆಕಾಯಿ ಎಲ್ಲಾ ಅದರಲ್ಲೇ. ಚಿಲ್ಲರೆ ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟೋಯ್ತು. ಗೋಲಿ ಎಲ್ಲಾ ಮಾರಿ ಹದಿನಾಲ್ಕು ತೊಂಬತ್ತರ ನೋಟು ಕೂಡಿಟ್ಟಿದ್ದ ನಾನೇ ಕ್ಲಾಸಿಗೆ ಶ್ರೀಮಂತ. ಶನಿವಾರ ಮೇಷ್ಟ್ರು ಬಂದೋರೇ, "ತೊಂಬತ್ತರ ನೋಟು ಇವತ್ತಿಂದ ರದ್ದು" ಅಂದು ಹಾಜರಿ ಕೂಗೋಕೆ ಶುರು ಮಾಡಿದ್ರು. ನಾನು ಅತ್ತಿದ್ದು ನಿಜ.

ಅಲ್ಲಿ ರಂಗೂನಿನ ಟೆಕ್ನಿಕಲ್ ಕಾಲೇಜು ಹುಡುಗರು ಸರ್ಕಾರ ನೋಟು ರದ್ದು ಮಾಡಿದ ದಿನವೇ ರೊಚ್ಚಿಗೆದ್ದು ಬೀದಿಗೆ ಬಂದಿದ್ರು ಅಂತ ಆಮೇಲೆ ಗೊತ್ತಾಯ್ತು. ನಾವು ಟೆಂತಿಗೆ ಬಂದಾಗ, 1988ರ ಜುಲೈ 23ಕ್ಕೆ ನೆ ವಿನ್ ಇಳಿದ, ಆಗಸ್ಟ್ 8ಕ್ಕೆ ಇಡೀ ದೇಶ ಬೀದೀಲಿತ್ತು, ಮಿಲಿಟರಿಯವರು ಗುಂಡು ಹಾರಿಸಿದ್ರು. ಅವತ್ತು ಮೇಷ್ಟ್ರು ಪೇಪರ್ ಓದ್ಲಿಲ್ಲ, ಮಡಚಿಟ್ಟು ಪಾಠಾನೇ ಮಾಡಿದ್ರು. 2002ರ ಡಿಸೆಂಬರಲ್ಲಿ ಆತ ಗೃಹಬಂಧನದಲ್ಲೇ ಸತ್ತಾಗ ನಾನು ಮೇಷ್ಟ್ರಿಗೆ ಫೋನ್ ಮಾಡಿದ್ದೆ, "ಹದಿನಾಲ್ಕು ನೋಟು ಇನ್ನೂ ಇದ್ಯೇನೋ?" ಅಂತ ಕೇಳಿದ್ರು.

ಈಗ ನಾನು ಬ್ಯಾಂಕಲ್ಲಿ ಚೀಫ್ ಮ್ಯಾನೇಜರ್. 2016ರ ನವೆಂಬರಲ್ಲಿ ಕೌಂಟರ್ ಮುಂದೆ ಕ್ಯೂ ನೋಡ್ದಾಗ ಸ್ಟಾಫಲ್ಲಿ ಗಾಬರಿ ಆಗದೇ ಇದ್ದೋನು ನಾನೊಬ್ಬನೇ ಅಂತ ನನ್ನ ನಂಬಿಕೆ (ನಮ್ಮಲ್ಲಿ ಬದಲಾಯಿಸ್ಕೊಳ್ಳೋಕಾದ್ರೂ ಟೈಮ್ ಕೊಟ್ರು). ಮಗಳ ಸ್ಕೂಲಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ವಾರಕ್ಕೊಂದು ಟೆಸ್ಟ್ ಇದೆ, ಒಂದು ವಾರ ಕಳ್ಳನೋಟು ನಡೆಸೋಕೆ ಬಿಡೋ ಮೇಷ್ಟ್ರು ಎಲ್ಲಿಂದ ತರೋದು, ಪೇರೆಂಟ್ಸ್ ಮೀಟಿಂಗಲ್ಲಿ ಮೊದಲು ಜಗಳಕ್ಕೆ ಹೋಗೋನು ನಾನೇ ಇರ್ಬೋದು.

ಮೇಷ್ಟ್ರ ವೈಕುಂಠ ಸಮಾರಾಧನೆಗೆ ಹಳೇ ಬ್ಯಾಚಿನವರು ಎಂಟು ಜನ ಹೋಗಿದ್ವಿ. ಊಟದ ಪಂಕ್ತೀಲಿ ಪಕ್ಕ ಕೂತ ಸ್ನೇಹಿತ ಪಾಯಸ ಬಡಿಸೋವಾಗ ಮೆಲ್ಲಗೆ ಮೊಣಕೈಲಿ ತಿವಿದ. ರದ್ದಾಗೋ ಹಿಂದಿನ ದಿನ ನಾನು ಅವನಿಗೆ ಒಂದು ತೊಂಬತ್ತರ ನೋಟು ಕೊಟ್ಟು ಆರು ಸೀಬೆಕಾಯಿ ತಿಂದಿದ್ನಂತೆ, ಅದು ಯಾವಾಗ ಕೊಡ್ತೀಯಾ ಅಂದ.